ತಲೆಯ ಪೂರ್ವಾನುಮತಿ ಇಲ್ಲದೆ ಮೊಣಕಾಲು ಒದೆಯುವ ಬಗ್ಗೆ

ಮುಖ್ಯ ಕಾರ್ಯಾಲಯ, ಸಿಬ್ಬಂದಿ ಶಾಖೆ
ಸಂಖ್ಯೆ: ಸಿಬ್ಬಂದಿ/ಕಾಲು/ಒದೆತ/7

ವಿಷಯ: ನೌಕರರ ಕೈಕಾಲುಗಳು ತಲೆಯ ಗಮನಕ್ಕೆ ತಾರದೆ ಬೆನ್ನುಹುರಿಯ ಮಟ್ಟದಲ್ಲೇ ತೀರ್ಮಾನ ಕೈಗೊಳ್ಳುತ್ತಿರುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: (1) ಸಭಾಕೊಠಡಿಯಲ್ಲಿ ನಡೆದ ಆರೋಗ್ಯ ತಪಾಸಣೆ. (2) ಸದರಿ ತಪಾಸಣೆಯಲ್ಲಿ ಮುಖ್ಯಾಧಿಕಾರಿಯವರ ಹೊಟ್ಟೆಗೆ ಬಿದ್ದ ಒದೆ. (3) ರವಾನೆ ಗುಮಾಸ್ತೆಯ ಅಮಾನತು ಆದೇಶ.

ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ ರವಾನೆ ಗುಮಾಸ್ತೆಯ ಮೊಣಕಾಲ ಚಿಪ್ಪಿನ ಕೆಳಗೆ ವೈದ್ಯರು ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ, ಸದರಿಯವರ ಕಾಲು ಛಂಗನೆ ಎದ್ದು, ಸುತ್ತಿಗೆಯನ್ನು ಹತ್ತಿರದಿಂದ ನೋಡಲು ಬಗ್ಗಿದ್ದ ಮುಖ್ಯಾಧಿಕಾರಿಯವರ ಹೊಟ್ಟೆಗೆ ತಗುಲಿ, ಅವರು ಹಳೆ ಫೈಲುಗಳ ರಾಶಿಯ ಮೇಲೆ ಆಸೀನರಾದದ್ದು ಸರಿಯಷ್ಟೆ. ಸ್ಥಳದಲ್ಲಿ ಯಾರೂ ನಗಲಿಲ್ಲವೆಂದು ಸಿಬ್ಬಂದಿಯವರೆಲ್ಲ ಲಿಖಿತವಾಗಿ ತಿಳಿಸಿರುತ್ತಾರೆ.

ವಿಚಾರಣೆಯಲ್ಲಿ ಗುಮಾಸ್ತೆಯ ಹೇಳಿಕೆ: "ನಾನು ಒದೀಲಿಲ್ಲ ಸರ್, ಕಾಲೇ ಹೋಯ್ತು. ಬೇಕೂಂತ ಒದೆಯೋಳಾಗಿದ್ರೆ ಇಷ್ಟು ವರ್ಷ ಯಾಕೆ ಕಾಯ್ತಿದ್ದೆ? ಈ ಕೆಲಸ ಹೋದ್ರೆ ನನ್ನ ತಂಗಿ ಓದು ನಿಂತೋಗುತ್ತೆ." ಈ ಹೇಳಿಕೆಯ ಎರಡನೇ ವಾಕ್ಯವನ್ನು ಕಡತದಿಂದ ತೆಗೆಯಲಾಗಿದೆ.

ವೈದ್ಯರ ವಿವರಣೆಯಂತೆ, ತಟ್ಟಿದೊಡನೆ ತೊಡೆಯ ಸ್ನಾಯು ಹಿಗ್ಗುತ್ತದೆ; ಆ ಸುದ್ದಿ ಬೆನ್ನುಹುರಿಗೆ ಮುಟ್ಟುತ್ತದೆ; ಅಲ್ಲಿ ಕುಳಿತ ಚಾಲಕ ನರಕೋಶವು ಯಾರನ್ನೂ ಕೇಳದೆ "ಎಳೆ" ಎಂದು ತೊಡೆಗೆ ಆಜ್ಞೆ ಕಳಿಸುತ್ತದೆ. ತಲೆಗೆ ವಿಷಯ ತಿಳಿಯುವಷ್ಟರಲ್ಲಿ ಒದೆ ಬಿದ್ದಾಗಿರುತ್ತದೆ. ಕೆಳಹಂತದ ಕಚೇರಿಯೊಂದು ಹೀಗೆ ಮೇಲಿನವರಿಗೆ ಬರೀ ಪ್ರತಿ ಕಳಿಸಿ ಕೈತೊಳೆದುಕೊಳ್ಳುವುದು ಶಿಸ್ತಿಗೆ ಮಾರಕವಾದ್ದರಿಂದ, ಈ ಕೆಳಕಂಡಂತೆ ವಿಧಿಸಲಾಗಿದೆ:

1. ಯಾವ ಸ್ನಾಯುವೂ ತಲೆಯ ಪೂರ್ವಾನುಮತಿಯಿಲ್ಲದೆ ಕುಗ್ಗತಕ್ಕದ್ದಲ್ಲ.

2. ಬಿಸಿ ನೀರಿನ ಕೆಟಲ್ ಮುಟ್ಟಿದ ನೌಕರರು ಕೈ ಹಿಂತೆಗೆಯುವ ಮುನ್ನ ಮನವಿ ಸಲ್ಲಿಸತಕ್ಕದ್ದು. ಗುಳ್ಳೆ ಎದ್ದಲ್ಲಿ ಅದನ್ನು ಮನವಿಯ ಅಡಕವೆಂದು ಪರಿಗಣಿಸಲಾಗುವುದು.

3. ಗುಂಡುಸೂಜಿ ತುಳಿದಾಗ ಒಂದು ಕಾಲು ಮೇಲೇಳುವುದೂ, ಅದೇ ಕ್ಷಣ ಇನ್ನೊಂದು ಕಾಲು ಸೆಟೆದು ಮೈಭಾರ ಹೊರುವುದೂ ಎರಡು ಕಾಲುಗಳ ಒಳಸಂಚೆಂದು ಕಂಡುಬಂದಿದೆ. ಇನ್ನು ಮುಂದೆ ಎರಡೂ ಕಾಲುಗಳು ಪ್ರತ್ಯೇಕವಾಗಿ ಸಮಜಾಯಿಷಿ ನೀಡತಕ್ಕದ್ದು. ಒಂದರ ಸಮಜಾಯಿಷಿಯನ್ನು ಇನ್ನೊಂದು ನಕಲು ಮಾಡಿದ್ದು ಕಂಡುಬಂದಲ್ಲಿ ನೌಕರರು ಕೂತೇ ಕೆಲಸ ಮಾಡತಕ್ಕದ್ದು.

4. ತೊಡೆಯ ಮುಂದಿನ ಸ್ನಾಯು ಎಳೆಯುವಾಗ ಹಿಂದಿನ ಸ್ನಾಯು ಸಡಿಲವಾಗಿ ಸುಮ್ಮನಿರುವುದು ಸಹಜವೆಂದು ವೈದ್ಯರು ತಿಳಿಸಿರುತ್ತಾರೆ. ಸಹೋದ್ಯೋಗಿ ದುಡಿಯುವಾಗ ಕೈಕಟ್ಟಿ ಕೂರುವ ಈ ಪದ್ಧತಿ ಲೆಕ್ಕಶಾಖೆಯಲ್ಲಿ ಮಾತ್ರ ಇದೆಯೆಂದು ಇಲ್ಲಿಯವರೆಗೆ ನಂಬಲಾಗಿತ್ತು.

5. ಸಭೆಯಲ್ಲಿ ತೂಕಡಿಸುವವರ ಕತ್ತು ಜೋತುಬಿದ್ದ ಕೂಡಲೇ ತಾನಾಗಿ ನೆಟ್ಟಗಾಗುತ್ತಿದೆ. ನಿದ್ರಿಸುತ್ತಿರುವ ತಲೆಯಿಂದ ಅನುಮತಿ ಪಡೆಯುವುದು ಸಾಧ್ಯವಿಲ್ಲದ್ದರಿಂದ, ಬಿದ್ದ ಕತ್ತು ಸಭೆ ಮುಗಿಯುವವರೆಗೆ ಬಿದ್ದೇ ಇರತಕ್ಕದ್ದು.

6. ಮೇಲ್ಕಂಡ ನಿಯಮಗಳ ಪಾಲನೆ ಸಾಧ್ಯವೆಂದು ತೋರಿಸಲು ಮುಖ್ಯಾಧಿಕಾರಿಯವರು ವೈದ್ಯರನ್ನು ಮತ್ತೆ ಕರೆಸಿ, ಎಲ್ಲರೆದುರು ತಾವೇ ಮೇಜೇರಿ ಕುಳಿತರು. ಎಡ ಮೊಣಕಾಲಿಗೆ ತಟ್ಟಲಾಯಿತು. ಕಾಲು ಕದಲಲಿಲ್ಲ. "ನೋಡಿದ್ರಾ, ಶಿಸ್ತು ಅಂದ್ರೆ ಇದು" ಎಂದು ಅಪ್ಪಣೆಯಾಯಿತು. ಸಿಬ್ಬಂದಿ ಚಪ್ಪಾಳೆ ತಟ್ಟಿದರು, ವೈದ್ಯರು ತಟ್ಟಲಿಲ್ಲ. ಸುತ್ತಿಗೆಯಿಂದ ಇನ್ನೊಮ್ಮೆ, ಮತ್ತಷ್ಟು ಜೋರಾಗಿ ತಟ್ಟಿ, ಆ ಕಾಲಿನ ಚಪ್ಪಲಿ ದಾರಿಯಲ್ಲಿ ಕಳಚಿಬೀಳುವುದುಂಟೇ ಎಂದು ಕೇಳಿದರು. ಬೀಳುತ್ತದೆ, ಬಿದ್ದದ್ದು ಗೊತ್ತೇ ಆಗುವುದಿಲ್ಲ ಎಂದು ಸಾಹೇಬರು ಮೆಲ್ಲಗೆ ಹೇಳಿದ್ದನ್ನು ಕೆಳಸಹಿದಾರನು ಹತ್ತಿರದಲ್ಲಿದ್ದು ಕೇಳಿರುತ್ತಾನೆ. ಅವರನ್ನು ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಸಾಗಿಸಲಾಯಿತು. ಸೊಂಟದಲ್ಲಿ ನರ ಒತ್ತಿಹೋಗಿತ್ತು. ಶಸ್ತ್ರಚಿಕಿತ್ಸೆ ಆಗಿದೆ. ಕಾಲಿಗೆ ಬಲ ಮರಳುವುದೋ ಇಲ್ಲವೋ ಈಗಲೇ ಹೇಳಲಾಗದೆಂದು ವರದಿಯಾಗಿದೆ. ಕಚೇರಿಯಲ್ಲಿ ಯಾರಿಗೂ ಕೆಲಸ ಓಡುತ್ತಿಲ್ಲ.

7. ನಿನ್ನೆ ಮುಖ್ಯಾಧಿಕಾರಿಯವರು ಆಸ್ಪತ್ರೆಯ ಹಾಸಿಗೆಯಿಂದ ದೂರವಾಣಿಯಲ್ಲಿ ನೀಡಿದ ಆದೇಶವನ್ನು ಯಥಾವತ್ತಾಗಿ ಕೊಡಲಾಗಿದೆ: "ಆ ಹುಡುಗೀನ ನಾಳೆಯಿಂದಲೇ ಬರೋಕೆ ಹೇಳ್ರಿ. ದಿನಾ ಬೆಳಿಗ್ಗೆ ಡಾಕ್ಟ್ರು ಬಂದು ತಟ್ತಾರೆ, ನಾನು ಕಣ್ಮುಚ್ಕೊಂಡು ಕಾಯ್ತೀನಿ. ಈ ಕಾಲು ಒಂದೇ ಒಂದ್ಸಲ ಒದ್ದುಬಿಡ್ಲಿ ಅನ್ಸುತ್ತೆ ಕಣ್ರಿ."

8. ಅದರಂತೆ ರವಾನೆ ಗುಮಾಸ್ತೆಯ ಅಮಾನತನ್ನು ತೆರವುಗೊಳಿಸಿ, ಸದರಿಯವರ ಒದೆಯನ್ನು ಉತ್ತಮ ಆರೋಗ್ಯದ ಪುರಾವೆಯೆಂದು ಸೇವಾಪುಸ್ತಕದಲ್ಲಿ ನಮೂದಿಸಲಾಗಿದೆ. 1ರಿಂದ 5ರವರೆಗಿನ ನಿಯಮಗಳನ್ನು ರದ್ದುಪಡಿಸಲಾಗಿದೆ. ಈಗಾಗಲೇ ಬೆರಳಚ್ಚಾಗಿರುವುದರಿಂದ ಅವನ್ನು ಓದಿ ಮರೆಯತಕ್ಕದ್ದು.

(ಸಹಿ)
ಅಧೀಕ್ಷಕರು, ಸಿಬ್ಬಂದಿ ಶಾಖೆ
ಮುಖ್ಯಾಧಿಕಾರಿಯವರ ಪರವಾಗಿ

ಪ್ರತಿಗಳು:
1. ರವಾನೆ ಗುಮಾಸ್ತೆಗೆ. ಇದನ್ನು ರವಾನಿಸುವವರು ಸದ್ಯ ಯಾರೂ ಇಲ್ಲದ್ದರಿಂದ ತಾವೇ ಬಂದು ಪಡೆಯತಕ್ಕದ್ದು.
2. ವೈದ್ಯರಿಗೆ, ಮುಂದಿನ ತಪಾಸಣೆಯಲ್ಲಿ ನೌಕರರನ್ನು ಗೋಡೆಗೆ ಮುಖ ಮಾಡಿ ಕೂರಿಸುವ ಕೋರಿಕೆಯೊಂದಿಗೆ.
3. ಲೆಕ್ಕಶಾಖೆಗೆ, ಸುಮ್ಮನೆ.
4. ಸಾಹೇಬರ ವಾರ್ಡಿನ ದಾದಿಯರಿಗೆ, ಅವರಲ್ಲಿ ಯಾರಿಗಾದರೂ ಒದೆ ಬಿದ್ದ ಕೂಡಲೇ ಈ ಕಚೇರಿಗೆ ಫೋನ್ ಮಾಡಲು. ಎಷ್ಟು ಹೊತ್ತಾಗಿದ್ದರೂ ಸರಿ.