ನಾನು ಸೂರ್ಯನಾಗಿ ಸೋತದ್ದು

ನನ್ನದು ಸೈದ್ಧಾಂತಿಕ ಭೌತಶಾಸ್ತ್ರ. ಅಂದರೆ ಯಂತ್ರ ಇಲ್ಲ, ಪ್ರಯೋಗಶಾಲೆ ಇಲ್ಲ. ಕಾಗದ, ಪೆನ್ಸಿಲು ಮತ್ತು ತಲೆ. ಇಂಥ ಕಸುಬಿನವನು ನೆಕ್ರಾಜೆಯಂಥ ಹಳ್ಳಿಯಲ್ಲಿ ಮನೆ ಮಾಡಿಕೊಂಡರೆ ವಾರಕ್ಕೊಮ್ಮೆಯಾದರೂ ದಂಗಾಗಿ ಕೂರುವುದು ತಪ್ಪುವುದಿಲ್ಲ. ದೊಡ್ಡ ವಿದ್ವಾಂಸರು ಮೆಚ್ಚದಿದ್ದರೆ ಹೋಗಲಿ, ನಾನು ಮಾಡುವುದೂ ಒಂದು ಕೆಲಸ ಎಂದು ಅಮ್ಮ ಒಮ್ಮೆ ಒಪ್ಪಬೇಕು. ನನಗಿದ್ದದ್ದು ಅದೊಂದೇ ಆಸೆ.

೧. ಯೋಚನೆ

ರಜೆಯಲ್ಲಿ ಜಗಲಿಯಲ್ಲಿ ಕೂತು ಮೂರು ದಿನ ಒಂದು ಸಮೀಕರಣದ ಹಿಂದೆ ಬಿದ್ದಿದ್ದೆ. ನೆರೆಮನೆಯ ಅಕ್ಕ ಬಂದವರು ನನ್ನೆದುರೇ ಅಮ್ಮನನ್ನು ಕೇಳಿದರು, "ಮಗ ಎಂತ ಮಾಡುವುದು?"

"ಎಂತ ಇಲ್ಲ. ಯೋಚನೆ ಮಾಡುವುದು."

"ಯಾವಾಗಿನಿಂದ?"

"ಕಾಲೇಜಿಗೆ ಹೋದಲ್ಲಿಂದ."

ಅಕ್ಕ ದನಿ ತಗ್ಗಿಸಿದರು. "ಬದಿಯಡ್ಕದಲ್ಲಿ ಒಬ್ಬರು ಪಂಡಿತರಿದ್ದಾರೆ. ನನ್ನ ಭಾವನಿಗೆ ಎರಡೇ ಕಷಾಯದಲ್ಲಿ ಬಿಟ್ಟಿತು."

ಅಮ್ಮ ವಿಳಾಸ ಬರೆದುಕೊಂಡಳು.

೨. ಕಪ್ಪುರಂಧ್ರ

ನಾನು ಚಿತ್ರವನ್ನೂ ಬಿಡಿಸುತ್ತೇನೆ. ಒಮ್ಮೆ ಕಪ್ಪುರಂಧ್ರ ಬಿಡಿಸಿದ್ದೆ, ನಡುವೆ ಕಗ್ಗಪ್ಪು, ಸುತ್ತ ಬೆಂಕಿಯ ಬಳೆ. ಬದಿಯಡ್ಕದ ಪ್ರದರ್ಶನದಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಅದರೆದುರು ತುಂಬ ಹೊತ್ತು ನಿಂತರು. "ನೋಡಿದರೆ ಹೆದರಿಕೆ ಆಗ್ತದೆ" ಎಂದು ಕೊಂಡುಕೊಂಡೇ ಹೋದರು. ಕಲೆ ಮನುಷ್ಯನನ್ನು ತಟ್ಟಿತಲ್ಲ ಎಂದು ನಾನು ಉಬ್ಬಿಹೋದೆ.

ಮರುವಾರ ಅಮ್ಮನ ಜೊತೆ ಆ ದಾರಿಯಲ್ಲಿ ಹೋದರೆ, ಚಿತ್ರ ಅವರು ಕಟ್ಟಿಸುತ್ತಿದ್ದ ಕಟ್ಟಡದ ಮೇಲೆ ರಸ್ತೆಗೆ ಮುಖ ಮಾಡಿ ನೇತಾಡುತ್ತಿದೆ. ಪಕ್ಕದಲ್ಲಿ ಬೂದುಗುಂಬಳ. "ದೃಷ್ಟಿಗೆ ಮಾರಾಯ್ರೆ. ಬೊಂಬೆಗಿಂತ ಇದೇ ಜೋರು" ಎಂದರು ವ್ಯಾಪಾರಿ.

ಅಮ್ಮ ತಲೆದೂಗಿ, "ಅಂತೂ ನೀನು ಮಾಡಿದ್ದು ಒಬ್ಬರ ಉಪಯೋಗಕ್ಕೆ ಬಂತು" ಎಂದಳು.

೩. ಸೂರ್ಯ ಮತ್ತು ಭೂದೇವಿ

ಅಮ್ಮ ನನ್ನ ಒಂದು ವಿಜ್ಞಾನ ಭಾಷಣಕ್ಕೂ ಬಂದವಳಲ್ಲ. ತಾಳಮದ್ದಳೆಯನ್ನು ಮಾತ್ರ ಬಿಟ್ಟವಳಲ್ಲ; ವೇಷವಿಲ್ಲದೆ ಕೂತು ಮಾತಿನಲ್ಲೇ ವಾದಕ್ಕಿಳಿಯುವುದನ್ನು ಕೇಳಲು ಊಟವನ್ನೂ ಬಿಟ್ಟಾಳು. ಸರಿ, ವಿಜ್ಞಾನವನ್ನು ಅದರಲ್ಲೇ ಹೇಳುವ ಎಂದು ಪದ್ಯ ಬರೆದೆ. ಸೂರ್ಯ ನಾನು. ಭೂದೇವಿ, ನನಗೆ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಮಾಸ್ಟ್ರು. ಕೊನೆಗೆ ಭೂದೇವಿ ಸೋತು "ತಿರುಗುವವಳು ನಾನೇ" ಎಂದು ಒಪ್ಪಬೇಕೆಂದು ಮಾತಾಗಿತ್ತು. ಅಮ್ಮ ಮುಂದಿನ ಸಾಲಿನಲ್ಲೇ ಕೂತಳು.

ನಾನು ವಾದ ಮಂಡಿಸಿದೆ. ಮಾಸ್ಟ್ರು ನಿಧಾನಕ್ಕೆ ಶುರುಮಾಡಿದರು. "ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕಾಣಿಸಿಕೊಳ್ಳುವವನು ನೀನು. ಇದ್ದಲ್ಲೇ ಇದ್ದು ಲೋಕದ ಭಾರ ಹೊತ್ತವಳನ್ನು ತಿರುಗುವವಳು ಅಂತೀಯಾ?"

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

"ನಾನು ತಿರುಗುವುದಾದರೆ ಇವರಿಗೆ ತಲೆ ತಿರುಗಬೇಡವೇ? ಕೇಳಿ ನೋಡು."

"ಇಲ್ಲ, ಇಲ್ಲ" ಎಂದಿತು ಸಭೆ.

ನಾನು ಬೆವೆತು "ಸಾಪೇಕ್ಷ ಚಲನೆ ಎಂದರೆ..." ಅನ್ನುವಷ್ಟರಲ್ಲಿ, ನನ್ನ ಮಾತು ಮುಗಿಯಿತೆಂದು ಪದ್ಯ ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿಬಿಟ್ಟರು. ನಾನು ಸೋತೆ.

ಆಮೇಲೆ ಮಾಸ್ಟ್ರು ಬೆನ್ನು ತಟ್ಟಿದರು. "ಭೂಮಿ ತಿರುಗುವುದು ನನಗೆ ಗೊತ್ತಿಲ್ಲವಾ? ನಿನಗೆ ಕಲಿಸಿದ್ದೇ ನಾನು. ಆದರೆ ಪಾತ್ರ ವಹಿಸಿಕೊಂಡ ಮೇಲೆ ಬಿಟ್ಟುಕೊಡುವುದು ಹೇಗೆ ಮಾರಾಯ?"

ತಲೆ ತಗ್ಗಿಸಿ ಮನೆಗೆ ಹೊರಟೆ. ಕಾರಿನಲ್ಲಿ ಅಮ್ಮ ನನ್ನ ಭುಜ ಮುಟ್ಟಿದಳು. "ಮಗಾ, ನಿನ್ನ ಕೆಲಸ ಎಂತದ್ದು ಅಂತ ನನಗೆ ಇವತ್ತು ಗೊತ್ತಾಯಿತು. ತುಂಬ ಕಷ್ಟದ್ದು."

ನನಗೆ ಕಣ್ಣು ತುಂಬಿ ಬಂತು. "ಎಂತ ಗೊತ್ತಾಯಿತಮ್ಮ?"

"ಸುಮ್ಮನೆ ನಿಂತ ಭೂಮಿ ತಿರುಗುತ್ತದೆ ಅಂತ ಜನರನ್ನು ನಂಬಿಸಬೇಕಲ್ಲ, ಪಾಪ."