ಹಸಿರು ಗೆರೆಯ ಮೇಲೆ ನಿಂತ ಮದುವೆ

ಕರೆಂಟಿನ ಕೆಲಸ ಮಾಡುವವನ ಸುತ್ತ ದೆವ್ವಗಳು ತಾವಾಗಿಯೇ ಬಂದು ಸೇರುತ್ತವೆ. ನಾನಂತೂ ಒಂದನ್ನೂ ಕರೆದವನಲ್ಲ. ಕರ್ನಾಟಕ ಒಂದಾಗುವ ಸುದ್ದಿಗಾಗಿ ಊರೆಲ್ಲ ರೇಡಿಯೋಕ್ಕೆ ಕಿವಿ ಹಚ್ಚಿದ್ದ ಆ ದಿನಗಳಲ್ಲಿ ನಾನು ಗದಗಿನ ಒಂದು ರಿಪೇರಿ ಅಂಗಡಿಯಲ್ಲಿದ್ದೆ. ಬೆಟಗೇರಿಯ ಒಬ್ಬ ಮಾಸ್ತರರ ಮಗಳನ್ನು ನೋಡಿ ಬಂದಿದ್ದೆ. ಹುಡುಗಿ ಎಷ್ಟು ಹಿಡಿಸಿದ್ದಳೆಂದರೆ, ಆ ಸಂಬಂಧ ತಪ್ಪಿದರೆ ಮದುವೆಯೇ ಬೇಡ ಎಂದುಕೊಂಡಿದ್ದೆ. ಅವರ ಕಡೆಯಿಂದ ಇನ್ನೂ ಹೂಂ ಬಂದಿರಲಿಲ್ಲ.

ಕಾಣದ ಕೈ

ನಮ್ಮ ಮಾಲೀಕರು ಯುದ್ಧಕಾಲದಲ್ಲಿ ಫೌಜಿನಲ್ಲಿದ್ದವರು. ಮುಂಬಯಿಯ ಗುಜರಿಯಿಂದ ಒಂದು ಆಸಿಲೋಸ್ಕೋಪ್ ತಂದಿದ್ದರು: ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ದುಂಡನೆಯ ಗಾಜಿನ ಕಣ್ಣು, ಕಣ್ಣೊಳಗೆ ಕರೆಂಟಿನ ಏರಿಳಿತ ತೋರಿಸುವ ಹಸಿರು ಗೆರೆ. ಗೆರೆ ಕಾಣಲೆಂದು ಹಾಡುಹಗಲೇ ಬಾಗಿಲಿಗೆ ಕರಿ ಪರದೆ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಬರುವ ಬ್ಯಾಟರಿ ರೇಡಿಯೋಗಳು ಸಾಧು. ಗೋಡೆಯ ಕರೆಂಟಿನ ರೇಡಿಯೋ ಬಿಚ್ಚುವಾಗ ಮಾತ್ರ ಮಾಲೀಕರ ಕಟ್ಟಪ್ಪಣೆ: "ಒಂದ ಕೈಲೆ ಕೆಲಸ ಮಾಡಲೇ. ಇನ್ನೊಂದು ಕಿಸೆದಾಗ ಇರಲಿ. ಎರಡೂ ಹಚ್ಚಿದ್ಯೋ, ಕರೆಂಟು ಎದಿ ಹಾದು ಹೋಗತೈತಿ."

ಧೋತರಕ್ಕೆ ಕಿಸೆ ಎಲ್ಲಿಂದ ಬರಬೇಕು? ಎಡಗೈಯನ್ನು ಬೆನ್ನ ಹಿಂದೆ ಕಚ್ಚೆಗೆ ಸಿಗಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮಾಸ್ತರರು ಪರದೆ ಸರಿಸಿ ಸದ್ದಿಲ್ಲದೆ ಬಂದು ನಿಂತರು. ಅವರಿಗೆ ಕತ್ತಲಲ್ಲಿ ಕಂಡದ್ದು ಹಸಿರು ಬೆಳಕು ಬಿದ್ದ ಒಂದು ಮುಖ, ಒಂದೇ ಕೈ. ಬಹಳ ಹೊತ್ತು ನೋಡಿ ಮಾಲೀಕರ ಕಿವಿಯಲ್ಲಿ ಕೇಳಿದರು: "ಹೆಣ್ಣು ನೋಡಾಕ ಬಂದಾಗ ಎರಡೂ ಇದ್ದವಲ್ರೀ?"

ಮಾಸ್ತರರ ಜೀವ

ಗಡಬಡಿಸಿ ಎಡಗೈ ಹೊರತೆಗೆದು ನಮಸ್ಕಾರ ಮಾಡಿದೆ. ಅವರನ್ನು ಖುಷಿಪಡಿಸೋಣವೆಂದು ಆಸಿಲೋಸ್ಕೋಪಿನ ತಂತಿಯನ್ನು ರೇಡಿಯೋದಿಂದ ಬಿಡಿಸಿ ಅವರ ಮುಂದೆ ಹಿಡಿದೆ. "ತುದಿಗೆ ಬೆರಳು ಹಚ್ರಿ, ಏನೂ ಆಗೂದಿಲ್ಲ. ಯಾರು ಮುಟ್ಟಿದ್ರೂ ಮೈಯಿಂದ ಒಂದು ಅಲೆ ಏಳತೈತಿ."

ಮುಟ್ಟಿದರು. ಗೆರೆ ಅಲುಗಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಮುಟ್ಟಿದರು. ಗೆರೆ ನೆಟ್ಟಗೆ ಮಲಗಿಯೇ ಇತ್ತು. "ಹಂಗಾರ ನಾ..." ಎಂದವರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. ಆಮೇಲೆ ನನಗೆ ನೆನಪಾಯಿತು: ಗೋಡೆಯ ಕರೆಂಟು ಅಳೆಯಲೆಂದು ಅಲೆಯನ್ನು ಹಿಗ್ಗಿಸುವ ತಿರುಪನ್ನು ಪೂರ್ತಿ ಇಳಿಸಿಟ್ಟಿದ್ದೆ. ಏರಿಸಿ ಮತ್ತೆ ಮುಟ್ಟಿಸಿದೆ. ಅಲೆ ಎದ್ದು ಕುಣಿಯಿತು.

ಮಾಸ್ತರರು ಆ ತಿರುಪನ್ನೇ ದಿಟ್ಟಿಸುತ್ತ ಹೇಳಿದರು: "ತಮ್ಮಾ, ಮಗಳ ಲಗ್ನ ಮುಗಿಯೂ ತನಕಾ ಇದನ್ನ ಹಿಂಗ ಇಡು."

ರೇಡಿಯೋದೊಳಗಿನ ಯಜಮಾನರು

ಉಳಿದದ್ದು ಮಾಸ್ತರರ ತಾಯಿಯ ಒಪ್ಪಿಗೆ. ಆ ಮನೆಯಲ್ಲಿ ಅಜ್ಜಿಯದೇ ಕಡೆಯ ಮಾತು. ಅವರ ಮನೆಯ ರೇಡಿಯೋದಲ್ಲಿ ತೀರಿಹೋದ ಅಜ್ಜ ಸೇರಿಕೊಂಡಿದ್ದಾರೆಂದು ಎಲ್ಲರಿಗೂ ಖಾತ್ರಿಯಾಗಿತ್ತು. ಬೇರೆಯವರು ಮುಟ್ಟಿದರೆ ತೆಪ್ಪಗಿರುವ ಪೆಟ್ಟಿಗೆ, ಅಜ್ಜಿ ಮಿಂದು ಒದ್ದೆ ಮಡಿಯಲ್ಲಿ ಗುಂಡಿ ಮುಟ್ಟಿದರೆ ಮಾತ್ರ ಕಚ್ಚುತ್ತಿತ್ತು. "ಕಚ್ಚೂದು ಜೋರಾಗೇತಿ. ಅವ್ವನ್ನ ಕರಕೊಂಡ ಹೋಗ್ತಾರೇನೋ" ಎಂದು ಮಾಸ್ತರರು ಹೇಳಿದರು.

ಆಸಿಲೋಸ್ಕೋಪ್ ಹೊತ್ತುಕೊಂಡು ಹೋದೆ. ಅದರ ತಂತಿಯ ತುದಿಯನ್ನಷ್ಟೇ ಗುಂಡಿಯ ಸ್ಕ್ರೂಗೆ ಮುಟ್ಟಿಸಿದರೆ ಅಲೆ ಗಾಜಿನಾಚೆ ಜಿಗಿಯಿತು. ರೇಡಿಯೋದ ಒಳತಗಡೇ ಗೋಡೆಯ ಕರೆಂಟಿಗೆ ಅಂಟಿಕೊಂಡಿತ್ತು. ಒದ್ದೆ ಮೈಗೆ ಕರೆಂಟು ಸಲೀಸಾಗಿ ಹಾಯುತ್ತದೆ; ಅಜ್ಜಿ ಬದುಕಿದ್ದೇ ಹೆಚ್ಚು. ಆಸಿಲೋಸ್ಕೋಪಿನ, ನೆಲಕ್ಕೆ ಜೋಡಿಸಿದ ಇನ್ನೊಂದು ಕ್ಲಿಪ್ಪನ್ನು ಆ ತಗಡಿಗೆ ಸಿಕ್ಕಿಸಿದ್ದರೆ ಢಂ ಎಂದು ಎಲ್ಲರೂ ಅಜ್ಜನ ಬಳಿಯೇ ಹೋಗುತ್ತಿದ್ದೆವು. ಆದ್ದರಿಂದ ಮೊದಲು ಗೋಡೆಗೂ ರೇಡಿಯೋಕ್ಕೂ ನೇರ ನಂಟು ತಪ್ಪಿಸುವ ಟ್ರಾನ್ಸ್‌ಫಾರ್ಮರ್ ನಡುವೆ ಇಟ್ಟೆ. ಅಲೆ ಮೆಲ್ಲಗೆ ಮಲಗಿತು.

ಅಜ್ಜಿ ಒದ್ದೆ ಸೀರೆಯಲ್ಲಿ ಬಂದು ಮುಟ್ಟಿದರು. ಏನೂ ಇಲ್ಲ. ಮತ್ತೆ ಮುಟ್ಟಿದರು. ಕಣ್ಣು ತುಂಬಿ ಬಂತು.

"ಎಲ್ಲಿ ಕಳಿಸಿದ್ಯೋ ಅವರನ್ನ? ಬದುಕಿದ್ದಾಗ ಒಂದ ದಿನಾ ಕೈ ಹಿಡದವರಲ್ಲ. ಸತ್ತ ಮ್ಯಾಲಾದ್ರೂ ದಿನಾ ಮುಂಜಾನಿ ಮುಟ್ಟತಿದ್ರು. ವಾಪಸ್ ಕರಿ. ಇಲ್ಲಂದ್ರ ಹುಡುಗಿ ಕೊಡೂದಿಲ್ಲ!"

ಕರೆದರೆ ಅಜ್ಜಿಯ ಜೀವ ಹೋಗುತ್ತದೆ, ಕರೆಯದಿದ್ದರೆ ನನ್ನ ಮದುವೆ. ಪಾಪ ಅನಿಸಿತು, ಅಳುವೂ ಬಂತು. ಕಡೆಗೆ ಟ್ರಾನ್ಸ್‌ಫಾರ್ಮರನ್ನು ಅಲ್ಲೇ ಬಿಟ್ಟು, ಗೋಡೆಯ ಕರೆಂಟನ್ನು ಹಿಡಿದು ಹಿಡಿದು ಬಿಡುವ ಒಂದು ರೆಸಿಸ್ಟರಿನ ಮೂಲಕ ಸ್ಕ್ರೂಗೆ ಚೂರೇ ಚೂರು ಬರುವಂತೆ ಮಾಡಿದೆ: ಬೆರಳು ಜುಂ ಎನ್ನುವಷ್ಟು, ಜೀವಕ್ಕೆ ಧಕ್ಕೆಯಿಲ್ಲದಷ್ಟು.

ಅಜ್ಜಿ ಇನ್ನೊಮ್ಮೆ ನೀರು ಹೊಯ್ದುಕೊಂಡು ಬಂದು ಗುಂಡಿಯ ಮೇಲೆ ಬೆರಳಿಟ್ಟರು. ಕಣ್ಣು ಮುಚ್ಚಿ ನಿಂತೇ ಇದ್ದರು.

"ಹೂಂ, ಇವರೇ" ಎಂದರು ಮೆಲ್ಲಗೆ. "ಖರೆ, ಭಾಳ ಸೊರಗ್ಯಾರ. ಲಗ್ನಾ ಜಲ್ದಿ ಇಟಗೊಳ್ರಿ. ಹೋಳಿಗಿ ಉಂಡು ಒಂಚೂರು ಮೈ ತುಂಬಿಕೊಳ್ಳಲಿ."