ನಮ್ಮತ್ತೆಯ ಹಿತ್ತಲಿನ ತೆಲುಗು ಹಾವುಗಳು

ನಮ್ಮ ಸೋದರತ್ತೆಯ ಹಿತ್ತಲಿಗೆ ಬರುವ ಹಾವುಗಳಿಗೆ ಕನ್ನಡ ಬರುವುದಿಲ್ಲ. ಇದು ನನ್ನ ಮಾತಲ್ಲ, ಅತ್ತೆಯ ಸಂಶೋಧನೆ! ದೇವಸಮುದ್ರದಲ್ಲಿ ಅವಳ ಮನೆಯ ಹಿಂದೆ ಒಂದು ಶೇಂಗಾ ಹೊಲ, ಹೊಲದಾಚೆ ಬಂಡೆಗಳ ಗುಡ್ಡ, ಗುಡ್ಡದ ಆ ಮಗ್ಗುಲಿಗೆ ಆಂಧ್ರ. "ಎಲ್ಲಾ ಆ ಕಡೆಯಿಂದ್ಲೇ ಬರ್ತಾವೆ ಕಣೇ. ಕನ್ನಡದಾಗೆ ಎಷ್ಟು ಬೈದ್ರೂ ಸುಮ್ನೆ ಮುಖ ನೋಡ್ತಾವೆ," ಎನ್ನುತ್ತಾಳೆ. ಆದ್ದರಿಂದ ಕೋಳಿಗೂಡಿನ ಹತ್ತಿರ ಹಾವು ಕಂಡ ತಕ್ಷಣ ಸೊಂಟಕ್ಕೆ ಸೆರಗು ಸಿಕ್ಕಿಸಿ, ಹತ್ತು ಹೆಜ್ಜೆ ದೂರ ನಿಂತು, ಬಿದಿರು ಗಳದಿಂದ ನೆಲ ಕುಟ್ಟುತ್ತಾ ತೆಲುಗಿನಲ್ಲಿ ಶುರು ಮಾಡುತ್ತಾಳೆ. ಅದರಲ್ಲೂ ಹಾವಿನ ಜಾತಿ ನೋಡಿ ಮರ್ಯಾದೆ. ಕೇರೆಹಾವಾದರೆ, "ಏಮಿರಾ, ಈಡ ಏಮುಂದಿರಾ ನೀಕು? ಪೋ, ಪೋ!" ಇಲ್ಲೇನಿದೆಯೋ ನಿನಗೆ, ಹೋಗು ಎಂದು ಏಕವಚನ. ನಾಗರಹಾವಾದರೆ ಒಮ್ಮೆಲೇ ದನಿ ಇಳಿದು, "ಸ್ವಾಮೀ, ಮೆಲ್ಲಗಾ ಪೋಂಡಿ ಸ್ವಾಮೀ," ಎಂದು ಬಹುವಚನ. ಬೀಗರನ್ನು ಬಸ್ಸು ಹತ್ತಿಸುವಾಗಲೂ ಅತ್ತೆ ಇಷ್ಟು ವಿನಯ ತೋರಿಸಿದ್ದನ್ನು ನಾನು ಕಂಡಿಲ್ಲ.

ನಾನೋ ಚಳ್ಳಕೆರೆಯಲ್ಲಿ ವಿಜ್ಞಾನದ ಟೀಚರು. ಸುಮ್ಮನಿರಲಾಗುತ್ತದೆಯೇ? ಒಮ್ಮೆ ಹೇಳಿದೆ: "ಅತ್ತೆ, ಹಾವಿಗೆ ನಮ್ಮ ಥರ ಕಿವೀನೇ ಇಲ್ಲ. ನೀನು ಕೋಲಲ್ಲಿ ನೆಲ ಕುಟ್ತೀಯಲ್ಲ, ಆ ಅದುರಿಗೆ ಅದು ಹೋಗೋದು. ತೆಲುಗಿಗಲ್ಲ."

ಅತ್ತೆ ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತಲೇ ಇಲ್ಲ. "ನಿನ್ನ ಗಂಡಗೆ ಎರಡು ಕಿವಿ ಅದಾವಲ್ಲ, ಅವ್ನು ನಿನ್ನ ಮಾತು ಕೇಳ್ತಾನೇನೇ?" ಎಂದಳು. ವಿಜ್ಞಾನ ಅಲ್ಲಿಗೆ ಮುಗಿಯಿತು.

ಇನ್ನು ಆ ಕೋಳಿಗಳ ವಿಷಯ. ಅತ್ತೆ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ನಮ್ಮಜ್ಜಿ ಒಂದು ಬುಟ್ಟಿಯಲ್ಲಿ ಎರಡು ಕೋಳಿಮರಿ ಇಟ್ಟು ಕೊಟ್ಟಿದ್ದಳಂತೆ. ಕತ್ತಿನ ಮೇಲೆ ಒಂದೇ ಒಂದು ಪುಕ್ಕವಿಲ್ಲದ ಬೋಳುಕತ್ತಿನ ಮರಿಗಳು. ಅಂದಿನಿಂದ ಇಂದಿನವರೆಗೆ ಹಿತ್ತಲಲ್ಲಿ ಓಡಾಡಿದ ಕೋಳಿಗಳೆಲ್ಲ ಆ ಎರಡರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಎಲ್ಲವಕ್ಕೂ ಅದೇ ಬೋಳುಕತ್ತು. ಯಾರಾದರೂ "ಏನಮ್ಮಾ, ನಿನ್ನ ಕೋಳಿಗೆ ಕಜ್ಜಿಯಾ?" ಎಂದು ಕೇಳಿದರೆ ಮುಗಿಯಿತು! "ಅದು ನಮ್ಮ ತವರಿನ ಕಳೆ ಕಣಪ್ಪಾ," ಎಂದು ಕೇಳಿದವನ ಮೂರು ತಲೆಮಾರಿನ ಮುಖಲಕ್ಷಣವನ್ನು ಊರ ಮುಂದೆ ಬಿಡಿಸಿಡುತ್ತಾಳೆ. ಹಾಗೆಂದು ಹಬ್ಬ ಬಂದಾಗ ಸಾರು ಮಾಡುವುದಿಲ್ಲವೇ? ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ. ತವರಿನ ಅಭಿಮಾನ ಬೇರೆ, ಮಸಾಲೆ ಬೇರೆ.

ಶೇಂಗಾ ಬಳ್ಳಿಯ ಬಣವೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು, ಹಾವು ಬಂದ ಮೇಲೆ ಪಕ್ಕದ ಗೂಡಿನಲ್ಲಿ ಏನಿದೆ ಎಂದು ಇಣುಕದೆ ಹೋಗುತ್ತದೆಯೇ? ಒಂದು ಉದ್ದನೆಯ ಕೇರೆಹಾವು ತಿಂಗಳಿಗೊಮ್ಮೆಯಾದರೂ ಒಂದು ಮೊಟ್ಟೆ ನುಂಗಿ ಹೋಗುತ್ತಿತ್ತು. ನಾನು ಗಾಬರಿಯಾದರೆ ಅತ್ತೆ, "ವರ್ಷವೆಲ್ಲ ಇಲಿ ಹಿಡೀತೈತೆ. ಕೂಲಿ ಇಲ್ದೆ ಯಾರು ಮಾಡ್ತಾರೆ?" ಎಂದಳು. ಎರಡನೇ ಮೊಟ್ಟೆಗೆ ಬಾಯಿ ಹಾಕಿದರೆ ಮಾತ್ರ ಬಿದಿರು ಗಳ, ತೆಲುಗು ಎರಡೂ ಹೊರಬರುತ್ತಿದ್ದವು.

ನಮ್ಮ ಮಾವನ ಕಥೆ ಬೇರೆ. ಕುರಿ ಮೇಯಿಸಿಕೊಂಡು ಊರೂರು ತಿರುಗಿದವರು. ಹಟ್ಟಿಗೆ ನುಗ್ಗಿದ ತೋಳವನ್ನು ಬರೀ ದೊಣ್ಣೆಯಿಂದ ಓಡಿಸಿದ್ದನ್ನು ಈಗಲೂ ಕೇಳಿದವರಿಗೆ, ಕೇಳದವರಿಗೆ ಹೇಳುತ್ತಾರೆ. ಆದರೆ ಹಾವು ಎಂದರೆ ಸಾಕು, ಆ ಶೂರ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿಬಿಡುತ್ತಾರೆ. ಒಂದು ಸಲ ಬೆಳಗ್ಗೆ ಹತ್ತಿದವರು ಮಧ್ಯಾಹ್ನವಾದರೂ ಇಳಿಯಲಿಲ್ಲ. ಮುದ್ದೆ ಸಾರು ಅಲ್ಲಿಗೇ ಸರಬರಾಜಾಯಿತು. "ಹೋಯ್ತೇನೇ?" ಎಂದು ಅವರು ಮೇಲಿಂದ ಕೂಗುವುದು, "ಇನ್ನೂ ಇಲ್ಲ ಕಣ್ರೀ, ಕುಂತ್ಕಳ್ರಿ," ಎಂದು ಇವಳು ಕೆಳಗಿಂದ ಹೇಳುವುದು. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಅದು ಹೋಗಿ ಎರಡು ತಾಸಾತು. ಮನೆಯಾಗೆ ಒಸಿ ನೆಮ್ಮದಿಯಾಗೈತೆ, ಇರ್ಲಿ ಬಿಡು."

ಅತ್ತೆಯ ಹಿತ್ತಲಲ್ಲಿ ಇಷ್ಟು ವರ್ಷಗಳಲ್ಲಿ ಒಂದು ಹಾವೂ ಸತ್ತಿಲ್ಲ, ಹಾವಿನಿಂದ ಒಬ್ಬರೂ ಸತ್ತಿಲ್ಲ. ಅದು ಅವಳ ದೊಡ್ಡ ಹೆಮ್ಮೆ. ಅಕ್ಕಪಕ್ಕದವರು ಸಲಹೆ ಕೊಡದೇ ಇರಲಿಲ್ಲ. ಒಬ್ಬರು ಬೆಳ್ಳುಳ್ಳಿ ಜಜ್ಜಿ ಹಾಕು ಎಂದರು, ಇನ್ನೊಬ್ಬರು ಗೂಡಿನ ಸುತ್ತ ಫಿನಾಯಿಲ್ ಚಿಮುಕಿಸಿಯೇ ಹೋದರು. ಆ ವಾಸನೆಗೆ ಕೋಳಿಗಳೆಲ್ಲ ಗೂಡು ಬಿಟ್ಟು ಬೇವಿನ ಮರ ಹತ್ತಿದವು. ಹಾವು ಮಾತ್ರ ಎಂದಿನಂತೆ ಬಂದು, ಖಾಲಿ ಗೂಡು ಸುತ್ತಿ ನೋಡಿಕೊಂಡು ಹೋಯಿತು.

ನಗುವ ಕಾಲ ಅದು. ಹೋದ ವರ್ಷ ಕೋಳಿಗಳಿಗೆ ಕೊಕ್ಕರೆ ರೋಗ ಬಂತು ನೋಡಿ, ನಾಲ್ಕೇ ದಿನದಲ್ಲಿ ಹಿತ್ತಲು ಖಾಲಿ. ಬೆಳಗ್ಗೆ ತೂಕಡಿಸುತ್ತಾ ನಿಂತ ಕೋಳಿ ಸಂಜೆಗೆ ಇಲ್ಲ. ಉಳಿದದ್ದು ಒಂದೇ ಒಂದು ಕೆಂಪು ಹೇಂಟೆ. ಅತ್ತೆ ಅಳಲಿಲ್ಲ, ಆದರೆ ಒಂದು ವಾರ ಯಾರನ್ನೂ ಬೈಯಲಿಲ್ಲ. ಅದನ್ನು ನೋಡಿ ನಮಗೆಲ್ಲ ಹೆದರಿಕೆಯಾಯಿತು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವಳ ಕೈಯಿಂದ ಬಂದದ್ದು ಎಂದು ಅತ್ತೆಗೆ ಉಳಿದಿದ್ದು ಆ ಕೋಳಿಗಳ ಸಂತಾನವೊಂದೇ.

ಈ ವರ್ಷ ಏಪ್ರಿಲ್ ಹೊತ್ತಿಗೆ ಆ ಕೆಂಪು ಹೇಂಟೆ ಕಾವಿಗೆ ಬಂತು. ಪಕ್ಕದ ಮನೆಯ ಹುಂಜವನ್ನು ಅಳಿಯತನಕ್ಕೆ ಕರೆಸಿಕೊಂಡು ಆಗಿತ್ತು. ಅತ್ತೆ ವಾರ ನೋಡಿ, ಮಂಕರಿಯಲ್ಲಿ ಹೊಟ್ಟು ಹಾಸಿ, ಹನ್ನೊಂದು ಮೊಟ್ಟೆ ಇಟ್ಟು, ಗುಡುಗಿಗೆ ಮರಿ ಕೆಡಬಾರದೆಂದು ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆಯನ್ನೂ ಇಟ್ಟು ಕೋಳಿಯನ್ನು ಕೂರಿಸಿದಳು. ಬೋಳುಕತ್ತಿನ ಇಡೀ ವಂಶ ಆ ಹನ್ನೊಂದು ಮೊಟ್ಟೆಗಳ ಒಳಗಿತ್ತು.

ಆಗ ಈ ವಿಜ್ಞಾನದ ಟೀಚರಿಗೆ ಜವಾಬ್ದಾರಿ ಜಾಗೃತವಾಯಿತು! ಫೋನಿನಲ್ಲಿ ಏನೋ ವಿಡಿಯೋ ನೋಡಿ, ಚಳ್ಳಕೆರೆ ಪೇಟೆಯಲ್ಲಿ ಸಣ್ಣ ಕಣ್ಣಿನ ನೈಲಾನ್ ಬಲೆ ತಂದು, ಗೂಡಿನ ಸುತ್ತ ನಾನೇ ಕಟ್ಟಿದೆ. "ಇನ್ನು ಯಾವ ಭಾಷೆಯ ಹಾವೂ ಒಳಗೆ ಬರಲ್ಲ ಅತ್ತೆ," ಎಂದು ಜಂಬ ಬೇರೆ. ಅತ್ತೆ ಬಲೆಯನ್ನು ಬೆರಳಲ್ಲಿ ಎಳೆದು ನೋಡಿ, "ಒಳಗೆ ಬರಲ್ಲ ಸರಿ. ಸಿಗಾಕ್ಕೊಂಡ್ರೆ ಹೆಂಗೆ ಹೋಗ್ತೈತೆ?" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಎರಡು ಕಿವಿ ಇದ್ದವರ ಹಣೆಬರಹ ಇಷ್ಟೇ.

ಮುಂದಿನದು ಒಂದು ಭಾನುವಾರ. ಮೊಟ್ಟೆ ಇಟ್ಟು ಇಪ್ಪತ್ತನೇ ದಿನ. ನಾನೂ ಅವ್ವನೂ ಅತ್ತೆ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಹಿತ್ತಲಲ್ಲಿ ಕೋಳಿ ಅರಚಿಕೊಂಡಿತು. ಓಡಿ ಹೋಗಿ ನೋಡಿದರೆ ಗೂಡಿನ ಬಾಯಿಗೆ ಸರಿಯಾಗಿ ನನ್ನ ಬಲೆಯಲ್ಲಿ ಒಂದು ನಾಗರಹಾವು! ಅರ್ಧ ಮೈ ಆಚೆ, ಅರ್ಧ ಮೈ ಈಚೆ. ಒದ್ದಾಡಿದಷ್ಟೂ ದಾರ ಮೈಗೆ ಕಚ್ಚಿಕೊಳ್ಳುತ್ತಿತ್ತು. ಹೆಡೆ ಬಿಚ್ಚಿ ಬುಸ್ಸೆನ್ನುತ್ತಿತ್ತು. ಮಾವ ಟ್ರೇಲರ್ ಹತ್ತಿದ್ದರು. ಅಕ್ಕಪಕ್ಕದ ನಾಲ್ಕು ಗಂಡಸರು ದೊಣ್ಣೆ ಹಿಡಿದು ಬಂದರು. "ಸರಿಯಮ್ಮಾ ಅತ್ಲಾಗೆ, ಒಂದೇ ಏಟು," ಎಂದರು.

ಅತ್ತೆ ಗಳವನ್ನು ಅಡ್ಡ ಹಿಡಿದು ನಿಂತಳು. "ಬಲೆ ಕಟ್ಟಿದ್ದು ನಾವು. ಅದರ ಪಾಡಿಗೆ ಅದು ಹೋಗ್ತಿತ್ತು. ತಪ್ಪು ನಮ್ದು, ಏಟು ಅದಕ್ಕಾ? ಒಬ್ರೂ ಮುಂದೆ ಬರ್ಬ್ಯಾಡ್ರಿ." ನನ್ನ ಕಡೆ ತಿರುಗಿ, "ನೋಡ್ತಾ ನಿಂತೀಯಲ್ಲೇ, ಮೊಳಕಾಲ್ಮೂರಿಗೆ ಫೋನ್ ಹಚ್ಚು!" ಎಂದಳು.

ಮೊಳಕಾಲ್ಮೂರಿನಲ್ಲಿ ಹಾವು ಹಿಡಿದು ಕಾಡಿಗೆ ಬಿಡುವವರೊಬ್ಬರಿದ್ದರು. ನಡುವಯಸ್ಸಿನವರು, ಕಸುಬಿನಿಂದ ರೇಷ್ಮೆ ಸೀರೆ ನೇಯುವವರು. ಒಂದು ತಾಸಿನಲ್ಲಿ ಬರುತ್ತೇನೆ ಎಂದರು. ಅಷ್ಟರಲ್ಲಿ ಕೋಳಿ ಗೂಡಿನ ಹಿಂದೆ ಬಲೆ ಸಡಿಲಾಗಿದ್ದ ಸಂದಿನಿಂದ ನುಸುಳಿ, ಮನೆಯ ಹಂಚಿನ ಮೇಲೆ ಹಾರಿ ಕೂತಿತ್ತು. ಎಷ್ಟು ಕರೆದರೂ ಇಳಿಯಲಿಲ್ಲ. ಮೊಟ್ಟೆಗಳು ಒಳಗೇ ಇದ್ದವು. ಕಾವು ತಪ್ಪಿದರೆ ಒಳಗಿನ ಮರಿ ಒಳಗೇ. ಅತ್ತೆ ಹಿಂದಿನಿಂದ ಹೋಗಿ, ಗೂಡಿನ ಮೇಲಿನ ಹಲಗೆ ಸರಿಸಿ, ಮೆಲ್ಲಗೆ ಒಂದೊಂದೇ ಮೊಟ್ಟೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಆಚೆ ಬದಿಯಲ್ಲಿ ಹಾವು ಬುಸುಗುಡುತ್ತಿತ್ತು, ಈಚೆ ಬದಿಯಲ್ಲಿ ಇವಳು "ಅಯಿಪೋಯಿಂದಿ ಸ್ವಾಮೀ, ಅಯಿಪೋಯಿಂದಿ," ಆಗಿಹೋಯಿತು, ಆಗಿಹೋಯಿತು ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದಳು. ಇಂಥವಳ ಸೋದರ ಸೊಸೆ ನಾನು ಎಂದು ಆ ಹೊತ್ತಿನಲ್ಲೂ ಎದೆ ಉಬ್ಬಿತು.

ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಮಡಿಲ ತುಂಬ ಮೊಟ್ಟೆ, ಅದರ ಮೇಲೆ ಮಾವನ ಕುರಿ ಉಣ್ಣೆಯ ಕಂಬಳಿ. "ಫ್ಯಾನ್ ಆರಿಸ್ರಿ, ಮರಿಗೆ ಗಾಳಿ ತಾಗ್ತೈತೆ." ಏಪ್ರಿಲ್ ತಿಂಗಳು, ನಮ್ಮ ಸೀಮೆಯ ಬಿಸಿಲು, ಫ್ಯಾನಿಲ್ಲ! ನಮಗೆಲ್ಲ ಬೆವರಿನ ಸ್ನಾನವಾಯಿತು. ಅತ್ತೆಯ ಹಣೆಯ ಕುಂಕುಮ ಕರಗಿ ಮೂಗಿಗೆ ಇಳಿದಿತ್ತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಎರಡೂ ಕೈ ಕಂಬಳಿಯ ಒಳಗಿದ್ದವು.

ನೇಕಾರರು ಬಂದರು. ಹಾವಿನ ತಲೆಯನ್ನು ಒಂದು ಪ್ಲಾಸ್ಟಿಕ್ ಪೈಪಿನೊಳಕ್ಕೆ ತೂರಿಸಿ, ಪುಟ್ಟ ಕತ್ತರಿ ತೆಗೆದು ಕೂತರು. "ರೇಷ್ಮೆ ಸಿಕ್ಕಾದ್ರೆ ಕೈಯಾಗೇ ಬಿಡಿಸ್ತಿದ್ದೆ ಟೀಚರಮ್ಮ. ಇದು ನೈಲಾನು, ಒಂದೊಂದೇ ಎಳೆ ಕತ್ತರಿಸ್ಬೇಕು," ಎಂದರು. ನಾನು ತಲೆ ತಗ್ಗಿಸಿದೆ. ಮನೆಮಾತು ತೆಲುಗಾದ್ದರಿಂದ ಹಾವಿನ ಜೊತೆ ತೆಲುಗಿನಲ್ಲೇ ಗೊಣಗುತ್ತಾ ಕೆಲಸ ಮಾಡಿದರು. ಒಳಗಿಂದ ಅತ್ತೆಯ ದನಿ: "ಕೇಳಿಸ್ತೇನೇ? ತೆಲುಗು ಕೇಳಿದ್ಮ್ಯಾಲೆ ಹೆಂಗೆ ಸುಮ್ಮನಾತು ನೋಡು!" ಮುಕ್ಕಾಲು ತಾಸಿನ ಮೇಲೆ ಬಲೆ ಬಿಟ್ಟಿತು. ಹಾವನ್ನು ಚೀಲಕ್ಕೆ ಇಳಿಸಿ, ಹೊರಡುವ ಮುಂಚೆ ಅವರು ಬಾಗಿಲ ಹೊರಗೆ ನಿಂತರು. "ಸ್ವಾಮಿಗೆ ಗಾಯ ಇಲ್ಲಮ್ಮ, ಗುಡ್ಡಕ್ಕೆ ಬಿಟ್ಟು ಹೋಗ್ತೀನಿ. ಬಂದು ಕೈ ಮುಗೀರಿ."

"ಏಳಂಗಿಲ್ಲಪ್ಪಾ," ಎಂದಳು ಅತ್ತೆ, "ಹನ್ನೊಂದು ಮಕ್ಕಳ ಬಸುರಿ ನಾನು. ಕುಂತಲ್ಲೇ ಮುಗಿದೆ ಅಂತ ಹೇಳಿಬಿಡು." ಕೈಗಳನ್ನು ಮಾತ್ರ ಹೊರಗೆ ತೆಗೆಯಲಿಲ್ಲ.

ಸಂಜೆಯವರೆಗೂ ಕೂತಳು. ಊಟಕ್ಕೆ ಏಳಲಿಲ್ಲ, ಅವ್ವ ತುತ್ತು ಮಾಡಿ ತಿನ್ನಿಸಿದಳು. ದೀಪ ಹಚ್ಚುವ ಹೊತ್ತಿಗೆ ಕಂಬಳಿಯ ಒಳಗಿನಿಂದ ಕಿಚ್ ಎಂದು ಒಂದು ಸಣ್ಣ ದನಿ ಬಂತು. ಅತ್ತೆ ಉಸಿರು ಬಿಗಿಹಿಡಿದು ಕಂಬಳಿಯ ಅಂಚು ಎತ್ತಿದಳು. ಒದ್ದೆಯಾದ, ಅರ್ಧ ಚಿಪ್ಪಿನಲ್ಲೇ ಇದ್ದ ಒಂದು ಮರಿ. ಕತ್ತು ಬೋಳು! "ಬಂತು ಕಣ್ರೀ, ನಮ್ಮವ್ವನ ಕೋಳಿ ಬಂತು!" ಎಂದು ಕೂಗಿದಳು. ಮಾವ ಟ್ರೇಲರ್‌ನಿಂದ ಹಾರಿ ಓಡಿ ಬಂದರು.

ನಾನು ನಗುತ್ತಾ ಫೋಟೋ ತೆಗೆಯುತ್ತಿದ್ದೆ. ಪಕ್ಕದಲ್ಲಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೋಳಿಮರಿಗೆ ಇಷ್ಟು ಅಳುವೇ? "ಏನವ್ವ?" ಎಂದೆ.

"ನೀನು ಏಳನೇ ತಿಂಗಳಿಗೇ ಹುಟ್ಟಿದ್ದೆ," ಎಂದಳು ಅವ್ವ. "ಅಂಗೈ ಅಗಲ ಇದ್ದೆ. ಅಳೋಕೂ ಶಕ್ತಿ ಇರ್ಲಿಲ್ಲ. ನನಗೆ ಮೈಮೇಲೆ ಜ್ಞಾನ ಇಲ್ದಂಗೆ ಜ್ವರ. ನಿಮ್ಮತ್ತೆ ಹಿಂಗೇ ಕಂಬಳಿ ಹೊದ್ದು, ನಿನ್ನ ಎದೆಗೆ ಅವಚಿಕೊಂಡು ಕುಂತ್ಲು. ಒಂದು ತಿಂಗಳು ನೆಲಕ್ಕೆ ಬಿಡ್ಲಿಲ್ಲ. ಕುಂತೇ ಉಂಡ್ಲು, ಕುಂತೇ ನಿದ್ದೆ ಮಾಡಿದ್ಲು. ನಾನು ಎದ್ದ ಮ್ಯಾಲೆ, ತಗೋ, ಇನ್ನು ಬದುಕ್ತಾಳೆ ಅಂತ ನನ್ನ ಕೈಗೆ ಕೊಟ್ಟು ಮಾರನೇ ದಿನ ಬಸ್ಸು ಹತ್ತಿದ್ಲು."

ಇಷ್ಟು ವರ್ಷ ಈ ಮಾತು ನನಗೆ ಗೊತ್ತೇ ಇರಲಿಲ್ಲ. ಎಲ್ಲದಕ್ಕೂ ಬಾಯಿ ಮಾಡುವ, ಹಾವನ್ನೂ ಬಿಡದೆ ಮಾತಾಡಿಸುವ ಹೆಂಗಸು, ಇದೊಂದನ್ನು ಯಾವತ್ತೂ ಹೇಳಿರಲಿಲ್ಲ. ಹೋಗಿ ಅವಳ ಮುಂದೆ ಕೂತೆ. "ಯಾಕತ್ತೆ ಹೇಳ್ಲಿಲ್ಲ ನೀನು?" ಎಂದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಎರಡನೇ ಮೊಟ್ಟೆಯನ್ನು ಕಿವಿಗೆ ಹಿಡಿದು ಆಲಿಸುತ್ತಿದ್ದಳು. "ಮೊಟ್ಟೆ ಇಟ್ಟಾಗ ಕೋಳಿ ಊರಿಗೆಲ್ಲ ಕೇಳಂಗೆ ಕೂಗ್ತೈತೆ ಕಣೇ," ಎಂದಳು. "ಕಾವಿಗೆ ಕುಂತಾಗ ಬಾಯಿ ಬಿಡಲ್ಲ."

ಅದಕ್ಕೇ ಅವಳ ಬದಲಿಗೆ ನಾನು ಕೂಗುತ್ತಿದ್ದೇನೆ. ಕೇಳಿಸಿಕೊಳ್ಳಿ: ನಾನು ನಮ್ಮತ್ತೆಯ ಕಾವಿನಲ್ಲಿ ಬದುಕಿದವಳು.